ಮಾಲ್ಟಾದಲ್ಲಿ ಏಳು ದಿನ, 25 ಯೂರೋ ಬಸ್ ಕಾರ್ಡ್: ಕೊಟ್ಟ ದುಡ್ಡಿಗೆ ಮೋಸ ಇಲ್ಲ

ನವೆಂಬರ್‌ನಲ್ಲಿ ನಾನು ಮತ್ತು ನನ್ನ ತಂಗಿ ಒಂದು ವಾರ ಮಾಲ್ಟಾದಲ್ಲಿದ್ದೆವು. ಯುರೋಪಿನ ಷೆಂಗೆನ್ ವೀಸಾಗೇ ತಲೆಗೆ 90 ಯೂರೋ ಕಟ್ಟಿ, ಅದರ ಮೇಲೆ ವಿಮಾನದ ಟಿಕೆಟ್ ತೆಗೆದು, ಊರು ಸೇರುವಷ್ಟರಲ್ಲಿ ಕೈ ಸಾಕಷ್ಟು ಖಾಲಿಯಾಗಿತ್ತು. ಬಾಡಿಗೆ ಕಾರು, ಟ್ಯಾಕ್ಸಿ ಎರಡೂ ಬೇಡ ಅಂತ ಮೊದಲೇ ತೀರ್ಮಾನ. ವಿಮಾನ ನಿಲ್ದಾಣದಲ್ಲೇ ಅಲ್ಲಿನ ಬಸ್ ಪಾಸ್ ಆದ ತಲ್ಲಿನ್ಯ (Tallinja) ಎಕ್ಸ್‌ಪ್ಲೋರ್ ಕಾರ್ಡ್ ಎರಡು ಕೊಂಡೆವು. ಮಾಲ್ಟಾ ಭಾಷೆಯಲ್ಲಿ ಜೆ ಅಕ್ಷರಕ್ಕೆ ಯ ಉಚ್ಚಾರ, ಎಕ್ಸ್ ಇದ್ದರೆ ಶ. ಇಷ್ಟು ಗೊತ್ತಿದ್ದರೆ ಊರ ಹೆಸರು ಕೇಳಲು ಅರ್ಧ ಕಷ್ಟ ಕಡಿಮೆ.

ಲೆಕ್ಕ ಸುಲಭ. ಬಿಡಿ ಟಿಕೆಟ್ ಚಳಿಗಾಲದಲ್ಲಿ 2 ಯೂರೋ, ಬೇಸಿಗೆಯಲ್ಲಿ 2.50. ಒಂದು ಟಿಕೆಟ್ ಎರಡು ಗಂಟೆ ನಡೆಯುತ್ತದೆ, ಅಷ್ಟರೊಳಗೆ ಬಸ್ಸು ಬದಲಿಸಬಹುದು. ಕಾರ್ಡ್‌ಗೆ 25 ಯೂರೋ, ಮೊದಲ ಸಲ ಬಳಸಿದಾಗಿನಿಂದ ಏಳು ದಿನ ಎಷ್ಟು ಸಲ ಬೇಕಾದರೂ ಬಸ್ಸು ಹತ್ತಬಹುದು. ಅಂದರೆ ಚಳಿಗಾಲದಲ್ಲಿ ಹದಿಮೂರನೇ ಟಿಕೆಟ್‌ಗೆ ದುಡ್ಡು ವಸೂಲಿ. ನಾವು ಅದನ್ನು ನಾಲ್ಕನೇ ದಿನವೇ ದಾಟಿದ್ದೆವು. ಬೆಂಗಳೂರಲ್ಲಿ ಬಿಎಂಟಿಸಿ ದಿನದ ಪಾಸ್ ತೆಗೆದು ಓಡಾಡಿದವರಿಗೆ ಈ ನೆಮ್ಮದಿ ಗೊತ್ತು: ಕಿಟಕಿಯಿಂದ ಏನೋ ಚೆಂದ ಕಂಡಿತಾ, ಗುಂಡಿ ಒತ್ತು, ಇಳಿ. ಮತ್ತೆ ಹತ್ತುವಾಗ ಜೇಬು ಮುಟ್ಟಬೇಕಿಲ್ಲ. ನನಗೆ ಈ ಕಾರ್ಡ್‌ನಲ್ಲಿ ಉಳಿತಾಯಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಇದೇ.

ಹಾಗೆ ಇಳಿದ ಜಾಗಗಳಲ್ಲಿ ದಿಂಗ್ಲಿ ಮೊದಲನೆಯದು. 201ನೇ ನಂಬರಿನ ಬಸ್ಸು ಹಿಡಿದರೆ ಹಜಾರ್ ಈಮ್‌ನ ಐದು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಗುಡಿಗಳು, ದಿಂಗ್ಲಿ ಬಂಡೆಗಳು, ಕೊನೆಗೆ ರಬಾತ್, ಎಲ್ಲ ಒಂದೇ ದಾರಿಯಲ್ಲಿ ಸಿಗುತ್ತವೆ. ದಿಂಗ್ಲಿಯಲ್ಲಿ ಸಮುದ್ರಕ್ಕಿಂತ ಸುಮಾರು 250 ಮೀಟರ್ ಎತ್ತರದಲ್ಲಿ ನೆಲ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಅಂಚಿನಲ್ಲಿ ಒಂದು ಪುಟ್ಟ ಚರ್ಚು, ಹಿಂದೆ ಕಲ್ಲು ಪೇರಿಸಿದ ಗೋಡೆಗಳ ನಡುವೆ ಹೊಲ. ಗಾಳಿ ಎಷ್ಟಿತ್ತೆಂದರೆ ತಂಗಿ ಹೇಳಿದ ಮಾತು ಪಕ್ಕದಲ್ಲೇ ಇದ್ದರೂ ನನಗೆ ಕೇಳಲಿಲ್ಲ. ಟಿಕೆಟ್ ಇಲ್ಲ, ಗೇಟ್ ಇಲ್ಲ. ತಂದಿದ್ದ ಬ್ರೆಡ್ಡು, ಕಿತ್ತಳೆ ತಿಂದು ಮುಂದಿನ ಬಸ್ಸು ಬರುವವರೆಗೆ ಕೂತೆವು.

ರಬಾತ್‌ನಲ್ಲಿ ಇಳಿದರೆ ಪಸ್ತಿತ್ಸಿ ತಿನ್ನದೆ ಬರಬೇಡಿ. ನಮ್ಮ ಅಯ್ಯಂಗಾರ್ ಬೇಕರಿ ಪಫ್ಸ್‌ನ ಅಣ್ಣನಂತಿರುತ್ತದೆ. ಬೆಲೆ ಒಂದು ಯೂರೋ ಒಳಗೇ. ಒಲೆಯಿಂದ ಆಗಷ್ಟೇ ಬಂದಿದ್ದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಹಿಡಿದ ತಕ್ಷಣ ಕಾಗದ ಎಣ್ಣೆಗೆ ಪಾರದರ್ಶಕವಾಯಿತು, ಕಚ್ಚಿದರೆ ಪದರಗಳು ಗರಿಗರಿಯಾಗಿ ಉದುರಿ ಸ್ವೆಟರ್ ತುಂಬ. ಒಳಗೆ ರಿಕೋಟ್ಟಾ ಚೀಸ್, ಅಥವಾ ಅರೆದ ಬಟಾಣಿ. ಬಟಾಣಿಯದ್ದು ನಮ್ಮ ನಾಲಿಗೆಗೆ ಹತ್ತಿರ. ಸಸ್ಯಾಹಾರಿಗಳು ಒಂದು ಮಾತು ಕೇಳಿಕೊಳ್ಳಿ, ಹಳೇ ಕ್ರಮದಲ್ಲಿ ಹಿಟ್ಟಿಗೆ ಹಂದಿ ಕೊಬ್ಬು ಹಾಕುವುದುಂಟು. ಎರಡು ತಿಂದರೆ ಮಧ್ಯಾಹ್ನದ ಊಟ ಆದ ಹಾಗೆ. ಅಲ್ಲಿಂದ ಇಮ್ದೀನಾ ಕೋಟೆಗೆ ನಡೆದೇ ಹೋಗಬಹುದು, ಬೀದಿ ಸುತ್ತಲು ದುಡ್ಡಿಲ್ಲ.

ಪಕ್ಕದ ಗೋಜೋ ದ್ವೀಪದಲ್ಲೂ ಇದೇ ಕಾರ್ಡ್ ನಡೆಯುತ್ತದೆ, ಇದು ತುಂಬ ಜನಕ್ಕೆ ಗೊತ್ತಿರುವುದಿಲ್ಲ. ಸ್ಲೀಮಾದಿಂದ 222, ರಾಜಧಾನಿ ವಲೆಟ್ಟಾದಿಂದ 41 ಅಥವಾ 42 ಹಿಡಿದು ಚಿರ್ಕೆವ್ವಾ ಬಂದರು ತಲುಪಿ. ಅಲ್ಲಿಂದ ದೊಡ್ಡ ಫೆರ್ರಿ, ಸುಮಾರು 25 ನಿಮಿಷ. ಹೋಗುವಾಗ ಯಾರೂ ದುಡ್ಡು ಕೇಳುವುದಿಲ್ಲ, ವಾಪಸ್ ಬರುವಾಗ 4.65 ಯೂರೋ. ಫೆರ್ರಿಗೆ ಕಾರ್ಡ್ ನಡೆಯುವುದಿಲ್ಲ, ಕೊಮಿನೋ ಎಂಬ ಪುಟ್ಟ ದ್ವೀಪದ ದೋಣಿಗೂ ಇಲ್ಲ.

ಗೋಜೋದಲ್ಲಿ ಮಾತ್ರ ಎಚ್ಚರವಾಗಿರಿ. ಹೆಚ್ಚಿನ ಬಸ್ಸುಗಳು ಗಂಟೆಗೊಂದು, ಬಹುತೇಕ ಎಲ್ಲವೂ ವಿಕ್ಟೋರಿಯಾ ಪೇಟೆಯ ನಿಲ್ದಾಣಕ್ಕೆ ಬಂದೇ ಹೋಗುತ್ತವೆ. ನಾವು 311 ಹಿಡಿದು ದ್ವೇರಾಗೆ ಹೋದೆವು. ಅಲ್ಲಿದ್ದ ಹೆಸರಾಂತ ಕಲ್ಲಿನ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಗೆ ಸಮುದ್ರಕ್ಕೆ ಬಿತ್ತು. ಆದರೂ ಹೋಗಿ, ಬಂಡೆಯ ಸೀಳಿನ ಮೂಲಕ ಕಡಲು ಒಳಗೆ ಬಂದು ಕೆರೆಯಂತೆ ನಿಂತಿರುವುದನ್ನು ನೋಡಿ. ಅದನ್ನೇ ನೋಡುತ್ತಾ ಕೂತು ಬಸ್ಸು ತಪ್ಪಿಸಿಕೊಂಡೆವು. "ಅಕ್ಕಾ, ಇನ್ನೊಂದು ಗಂಟೆ ಇಲ್ಲೇ ಇರಬಹುದಲ್ವಾ" ಅಂದಳು ತಂಗಿ, ಖುಷಿಯಿಂದಲೇ.

ಕೊರತೆಗಳೂ ಇವೆ. 27 ಕಿಲೋಮೀಟರ್ ಉದ್ದದ ಮಾಲ್ಟಾ ದ್ವೀಪದಲ್ಲಿ ಕಾರುಗಳು ವಿಪರೀತ, ಹಾಗಾಗಿ ಸಂಜೆ ಬಸ್ಸು ತೆವಳುತ್ತದೆ. ಹತ್ತು ಕಿಲೋಮೀಟರ್‌ಗೂ ಒಂದು ಗಂಟೆ ಇಟ್ಟುಕೊಳ್ಳಿ, ವಿಮಾನದ ದಿನ ಇನ್ನೂ ಜಾಸ್ತಿ. ಬೇಸಿಗೆಯಲ್ಲಿ ಹೋಗುವವರು ಬೆಳಗ್ಗೆ ಎಂಟಕ್ಕೆ ಮುಂಚೆ ಹೊರಡುವುದು ಒಳ್ಳೆಯದು. ನಿಲ್ದಾಣದಲ್ಲಿ ಸುಮ್ನೆ ನಿಂತರೆ ಬಸ್ಸು ಮುಂದೆ ಹೋಗಿಬಿಡುತ್ತದೆ, ನಮ್ಮೂರಿನ ಹಾಗೇ ಕೈ ಅಡ್ಡ ಹಾಕಬೇಕು. ಟಿಡಿ ಅಂತ ಶುರುವಾಗುವ ನೇರ ಬಸ್ಸುಗಳಿಗೆ ಈ ಕಾರ್ಡ್ ಇಲ್ಲ.

ಚಾಲಕರಲ್ಲಿ ನಮ್ಮ ದೇಶದವರು ತುಂಬ ಜನ. ಒಂದು ಸಂಜೆ ವಲೆಟ್ಟಾದಲ್ಲಿ ನಾವಿಬ್ಬರೂ ಕನ್ನಡದಲ್ಲಿ ಮಾತಾಡುತ್ತಾ ಹತ್ತಿದಾಗ, ಕೇರಳದ ಚಾಲಕರೊಬ್ಬರು ತಿರುಗಿ "ಊಟ ಆಯ್ತಾ ಮೇಡಂ?" ಅಂದರು. ಬೆಂಗಳೂರಲ್ಲಿ ಮೂರು ವರ್ಷ ಇದ್ದರಂತೆ. ಮನೆಯಿಂದ ಅಷ್ಟು ದೂರದಲ್ಲಿ ಆ ಎರಡು ಮಾತು ಕೇಳಿ ಗಂಟಲು ಕಟ್ಟಿತು.

ಮೂರೇ ದಿನ ಇರುವವರು, ಅದರಲ್ಲೂ ವಲೆಟ್ಟಾ ಬಿಟ್ಟು ಕದಲದವರು ಇದನ್ನು ಕೊಳ್ಳಬೇಡಿ, ಬಿಡಿ ಟಿಕೆಟ್ ಸಾಕು. ಐದು ದಿನಕ್ಕಿಂತ ಜಾಸ್ತಿ ಇದ್ದು ಗೋಜೋಗೂ ಹೋಗುವವರು ಇಳಿದ ಕೂಡಲೇ ಕೊಳ್ಳಿ. ಬಸ್ಸು ಎಷ್ಟೊತ್ತಿಗೆ ಬರುತ್ತದೆ ಅಂತ ತಿಳಿಯಲು ತಲ್ಲಿನ್ಯ ಆ್ಯಪ್ ಫೋನಿಗೆ ಹಾಕಿಕೊಳ್ಳಿ. ಭಾನುವಾರ ಬೆಳಗ್ಗೆ ಬಿಡುವಿದ್ದರೆ 81 ಹಿಡಿದು ಮಾರ್ಸಾಶ್ಲಾಕ್‌ನ ಮೀನಿನ ಸಂತೆಗೆ ಹೋಗಿ, ಅಲ್ಲಿ ದೋಣಿಗಳ ಮೂತಿಗೆ ಕಣ್ಣು ಬರೆದಿರುತ್ತಾರೆ.