ವೇಲ್ಸ್ ಕಾನೂನು ಹುಡುಕುವವರಿಗೆ ಬ್ರಿಟನ್ನಿನ ಸರ್ಕಾರಿ ಜಾಲತಾಣ: ಐದಕ್ಕೆ ನಾಲ್ಕು

ಹುಬ್ಬಳ್ಳಿ ನವನಗರದ ಕಾನೂನು ವಿದ್ಯಾರ್ಥಿಗಳಿಗೆ, ಧಾರವಾಡ ಪೀಠದ ಜೂನಿಯರ್ ವಕೀಲರಿಗೆ ಬ್ರಿಟನ್ನಿನ ಕಾನೂನು ಬೇಕಾದರೆ ‘ಲೆಜಿಸ್ಲೇಷನ್ ಡಾಟ್ ಗವ್ ಡಾಟ್ ಯುಕೆ’ ಭಾಳ ಚೊಲೋ ತಾಣ. ಲಾಗಿನ್ ಇಲ್ಲ, ಪೂರಾ ಪುಕ್ಕಟೆ. ಆದರೆ ವೇಲ್ಸ್‌ನದ್ದು ಹುಡುಕುವಾಗ ಬರೀ ‘ಆಕ್ಟ್’ ವಿಭಾಗ ನೋಡಿದರೆ ಒಂದಷ್ಟು ಸರಕು ತಪ್ಪಿಹೋಗುತ್ತದೆ.

ವೇಲ್ಸ್‌ನ ಶಾಸನಸಭೆ (ಆಗಿನ ಹೆಸರು ‘ನ್ಯಾಷನಲ್ ಅಸೆಂಬ್ಲಿ’) 2008ರಿಂದ 2011ರವರೆಗೆ ಮಾಡಿದ ಮೂಲ ಕಾನೂನುಗಳ ಹೆಸರು ‘ಮೆಷರ್’. ಆಗ ಯಾವ ವಿಷಯದಲ್ಲಿ ಕಾನೂನು ಮಾಡಬಹುದೆಂಬ ಅಧಿಕಾರ ಲಂಡನ್ನಿನಿಂದ ತುಂಡುತುಂಡಾಗಿ ಬರುತ್ತಿತ್ತು. 2011ರ ಮಾರ್ಚ್ ಜನಮತಗಣನೆಯ ನಂತರ ‘ಆಕ್ಟ್’ ಬಂತು. 2018ರ ಏಪ್ರಿಲ್‌ನಿಂದ ಲಂಡನ್ ತನಗೆಂದು ಕಾಯ್ದಿರಿಸಿಕೊಂಡ ವಿಷಯ ಬಿಟ್ಟು ಉಳಿದದ್ದೆಲ್ಲ ವೇಲ್ಸ್‌ನದು. ನಮ್ಮಲ್ಲಿ ಉಳಿಕೆ ಅಧಿಕಾರ ಕೇಂದ್ರದ್ದು, ಅಲ್ಲಿ ಉಲ್ಟಾ. 2020ರ ಮೇ 6ರಿಂದ ಸಭೆಯ ಹೆಸರೇ ‘ಸೆನೆದ್’.

ಹೆಸರು ಬದಲಾಗಿದೆ ಎಂದು ಹಳೆಯ ಮೆಷರ್‌ಗಳು ಬಿದ್ದುಹೋಗಿಲ್ಲ. ವೆಲ್ಷ್ ಭಾಷೆಗೆ ಅಧಿಕೃತ ಸ್ಥಾನ ಕೊಡುವ ಕಾನೂನು ಇಂದಿಗೂ 2011ರ 1ನೇ ಮೆಷರ್. ಅದನ್ನು ತೆಗೆಯಲು ಪ್ರಕಾರದ ಪಟ್ಟಿಯಲ್ಲಿ ‘ಮೆಷರ್ಸ್ ಆಫ್ ದಿ ನ್ಯಾಷನಲ್ ಅಸೆಂಬ್ಲಿ ಫಾರ್ ವೇಲ್ಸ್’ ಆರಿಸಿ, ವರ್ಷ 2011, ಸಂಖ್ಯೆ 1 ಕೊಡಿ. ಅದೇ ಪಟ್ಟಿಯಲ್ಲಿ ‘ಚರ್ಚ್ ಮೆಷರ್ಸ್’ ಕೂಡ ಇದೆ. ಅದು ಇಂಗ್ಲೆಂಡಿನ ಚರ್ಚಿನದು, ವೇಲ್ಸ್ ಸಭೆಗೆ ಸಂಬಂಧವಿಲ್ಲ. 2020ರಲ್ಲಂತೂ ಒಂದನೇ ನಂಬರಿನ ಆಕ್ಟ್ ಎರಡಿವೆ. ‘ಎಎನ್‌ಎಡಬ್ಲ್ಯು 1’ (ಹಳೆಯ ಹೆಸರಿನ ನ್ಯಾಷನಲ್ ಅಸೆಂಬ್ಲಿಯ ಆಕ್ಟ್) ಎಂದರೆ ಸೆನೆದ್ ಮತ್ತು ಚುನಾವಣೆಗಳದ್ದು, ‘ಎಎಸ್‌ಸಿ 1’ (ಹೊಸ ಹೆಸರಿನ ಸೆನೆದ್‌ನ ಆಕ್ಟ್) ಎಂದರೆ ಆರೋಗ್ಯ ಮತ್ತು ಸಾಮಾಜಿಕ ಆರೈಕೆಯದ್ದು. ಉಲ್ಲೇಖದಲ್ಲಿ ಈ ಅಕ್ಷರ ಬಿಟ್ಟರೆ ಓದುವವರು ಇನ್ಯಾವುದೋ ಕಾನೂನು ತೆರೆದು ಕೂರುತ್ತಾರೆ.

ಝೆರಾಕ್ಸ್ ಅಂಗಡಿಗೆ ಒಯ್ಯುವವರು ಗಮನಿಸಬೇಕಾದದ್ದು: ‘ಮೋರ್ ರಿಸೋರ್ಸಸ್’ನ ‘ಒರಿಜಿನಲ್ ಪ್ರಿಂಟ್’ ಪಿಡಿಎಫ್‌ನಲ್ಲಿ ತಿದ್ದುಪಡಿ ಇರುವುದಿಲ್ಲ. ಮೊದಲು ‘ಲೇಟೆಸ್ಟ್ ಅವೈಲೆಬಲ್’ ಒತ್ತಿ, ಆಮೇಲೆ ‘ಪ್ರಿಂಟ್ ಆಪ್ಷನ್ಸ್’ನಿಂದ ಇಳಿಸಿಕೊಳ್ಳಿ. ಬೇಕಾದ ಸೆಕ್ಷನ್ ಒಂದನ್ನೇ ತೆಗೆಯಬಹುದು, ಕಾಗದ ಉಳಿಯುತ್ತದೆ. ಪಠ್ಯದ ನಡುವಿನ ‘ಎಫ್’ ತಿದ್ದುಪಡಿಯ ಗುರುತು, ‘ಐ’ ಜಾರಿಗೆ ಬಂದ ದಿನಾಂಕದ್ದು.

ಒಂದು ಅಂಕ ಕಳೆದದ್ದು ‘ಚೇಂಜಸ್ ಟು ಲೆಜಿಸ್ಲೇಷನ್’ ಚೌಕಕ್ಕೆ. ಪಠ್ಯಕ್ಕೆ ಇನ್ನೂ ಸೇರಿಸದ ತಿದ್ದುಪಡಿಗಳು ಅದರಲ್ಲಿ ಪಟ್ಟಿಯಾಗಿ ಬಿದ್ದಿರುತ್ತವೆ. ‘ಲೇಟೆಸ್ಟ್’ ಎಂದು ನಂಬಿ ಕೋಟ್ ಮಾಡಿದರೆ ಯಡವಟ್ಟು. ಪಟ್ಟಿ ತೆರೆದು, ನಿಮ್ಮ ಸೆಕ್ಷನ್ ಅದರಲ್ಲಿದೆಯಾ ಎಂದು ನೀವೇ ಕಣ್ಣಾಡಿಸಬೇಕು.