ಮಳೆಗಾಲದ ಬಾಗಿಲಲ್ಲಿ ಕಪಾಟು ಒತ್ತಿ ತುಂಬಿಸಬೇಡಿ: ನಮ್ಮ ಮನೆಯಲ್ಲಿ ಆದದ್ದು

ಮನೆಗೆ ಇನ್ನೊಂದು ಮಗು ಬರಲಿದೆ, ಕಪಾಟು ಮಾತ್ರ ಒಂದೇ, ಹೇಗಾದರೂ ಜಾಗ ಮಾಡಬೇಕು ಅಂತ ಮಂಗಳೂರು, ಉಡುಪಿ ಕಡೆ ಯಾರಾದರೂ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಓದಿ, ಆಮೇಲೆ ಕೈ ಹಾಕಿ.

ನಮ್ಮದು ಮಂಗಳೂರಿನ ಬಿಜೈ ಹತ್ತಿರ ಎರಡು ಕೋಣೆಯ ಫ್ಲ್ಯಾಟ್. ನಾನು, ಗಂಡ, ಐದು ವರ್ಷದ ಮಗಳು, ಅತ್ತೆ. 2025ರ ಸೆಪ್ಟೆಂಬರಿಗೆ ಎರಡನೇ ಮಗು ಬರುವುದಿತ್ತು. ಬಟ್ಟೆಗೆ ಇದ್ದದ್ದು ಸಮುದ್ರದ ಕಡೆಯ ಗೋಡೆಗೆ ತಾಗಿಸಿ ನಿಲ್ಲಿಸಿದ ಒಂದು ದೊಡ್ಡ ಕಪಾಟು. ಬಾಗಿಲು ತೆರೆದರೆ ಬಟ್ಟೆ ಮೈಮೇಲೆ ಬೀಳುತ್ತಿತ್ತು.

ಮೇ ಕೊನೆಯವರೆಗೆ ಬಿಸಿಲು ಸಿಗುತ್ತದೆ ಅಂತ ನಾನು ಲೆಕ್ಕ ಹಾಕಿದ್ದೆ. ಮುಂಗಾರು ಕೇರಳಕ್ಕೆ ಬರುವುದು ಸಾಮಾನ್ಯವಾಗಿ ಜೂನ್ 1ಕ್ಕೆ ಅಲ್ವಾ? ಆ ವರ್ಷ ಮೇ 24ಕ್ಕೇ ಬಂತು. ನಮ್ಮಲ್ಲೂ ಅದೇ ಹೊತ್ತಿಗೆ ಮಳೆ ಹಿಡಿಯಿತು. ಒಗೆದ ಬಟ್ಟೆಯ ರಾಶಿ ಇನ್ನೂ ಮನೆಯೊಳಗೇ ಇತ್ತು. ಫ್ಯಾನ್ ಕೆಳಗೆ ಹರಡಿ, ಇಸ್ತ್ರಿ ತಿಕ್ಕಿ, ಒಣಗಿತು ಅಂದುಕೊಂಡೆ. ಮುಟ್ಟಿದರೆ ಒಣಗಿದ ಹಾಗೇ ಇತ್ತು. ಆದರೆ ಹೊಲಿಗೆಯ ಮಡಿಕೆ, ಸೊಂಟದ ಎಲಾಸ್ಟಿಕ್, ಫ್ರಾಕಿನ ಒಳಪದರ, ಇಲ್ಲೆಲ್ಲ ತೇವ ಉಳಿದಿತ್ತು. ಅದು ನನ್ನ ಕೈಗೆ ಗೊತ್ತಾಗಲಿಲ್ಲ.

ವಿಡಿಯೊಗಳಲ್ಲಿ ನೋಡಿದಂತೆ ಗಾಳಿ ಹೀರಿ ತೆಗೆಯುವ ವ್ಯಾಕ್ಯೂಮ್ ಬ್ಯಾಗ್ ತರಿಸಿದೆ. ಮಗಳ ಹಳೆಯ ಜಬಲಾ, ಫ್ರಾಕು, ಸ್ವೆಟರ್ ಎಲ್ಲ ಅದರಲ್ಲಿ ತುಂಬಿ ಹಪ್ಪಳದಂತೆ ಚಪ್ಪಟೆ ಮಾಡಿದೆ. ಮೇಲಿನ ಅಂಕಣದಲ್ಲಿ ಸೀರೆಗಳು, ಕೆಳಗೆ ಮುಚ್ಚಳ ಬಿಗಿಯಿರುವ ಪ್ಲಾಸ್ಟಿಕ್ ಡಬ್ಬಗಳು. ಒಂದು ಬೆರಳಿನಷ್ಟೂ ಜಾಗ ಬಿಡಲಿಲ್ಲ. ನೋಡಲು ತುಂಬಾ ಚೆನ್ನಾಗಿತ್ತು.

ಚೌತಿಗೆ ಒಂದು ವಾರ ಇರುವಾಗ ಮಗುವಿನ ಬಟ್ಟೆ ತೆಗೆಯೋಣ ಅಂತ ಆ ಬ್ಯಾಗುಗಳಿಗೆ ಕೈ ಹಾಕಿದೆ. ಬಾಗಿಲು ತೆರೆದ ಕೂಡಲೇ ಹಳೆ ಗೋಣಿಯ ವಾಸನೆ. ಬ್ಯಾಗುಗಳು ಯಾವಾಗಲೋ ಗಾಳಿ ಎಳೆದುಕೊಂಡು ಉಬ್ಬಿದ್ದವು. ಮಗಳ ಮೊದಲ ಹುಟ್ಟುಹಬ್ಬದ ಹಳದಿ ಫ್ರಾಕ್ ಬಿಡಿಸಿದೆ. ಕುತ್ತಿಗೆಯ ಸುತ್ತ, ಕಂಕುಳಲ್ಲಿ, ಸೊಂಟದ ಪಟ್ಟಿಯಲ್ಲಿ ಸಾಸಿವೆ ಸಿಡಿದಂತೆ ಕಪ್ಪು ಚುಕ್ಕೆಗಳು. ಎಲ್ಲಿ ತೇವ ಉಳಿದಿತ್ತೋ ಅಲ್ಲೇ ಬೂಷ್ಟು ಬಂದಿತ್ತು. ಗಂಜಿ ಹಾಕಿ ಇಟ್ಟಿದ್ದ ಅತ್ತೆಯ ಹತ್ತಿ ಸೀರೆಗಳಿಗೆ ಎಲ್ಲಕ್ಕಿಂತ ಜಾಸ್ತಿ ಹಿಡಿದಿತ್ತು. ಗಂಜಿ ಬೂಷ್ಟಿಗೆ ಊಟ ಇದ್ದ ಹಾಗೆ. ನನ್ನ ಧಾರೆ ಸೀರೆಯ ಜರಿ ಮಡಿಕೆಯ ಉದ್ದಕ್ಕೂ ಕಪ್ಪಾಗಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಅತ್ತುಬಿಟ್ಟೆ.

ಕಪಾಟಿನ ಹಿಂದಿನ ಹಲಗೆಯನ್ನು ಗಂಡ ಬೆರಳಿನಿಂದ ಒತ್ತಿದರು. ಚಹಾದಲ್ಲಿ ಅದ್ದಿದ ರಸ್ಕಿನಂತೆ ಬೆರಳು ಒಳಗೆ ಹೋಯಿತು. ನಾಲ್ಕು ವರ್ಷದ ಹಿಂದೆ 38,000 ರೂಪಾಯಿ ಕೊಟ್ಟು ತಂದದ್ದು. ವಾಟರ್‌ಪ್ರೂಫ್ ಅಂತ ಅಂಗಡಿಯವರು ಬಾಯಲ್ಲಿ ಹೇಳಿದ್ದರು, ಬಿಲ್ಲಿನಲ್ಲಿ ಬರೆದಿರಲಿಲ್ಲ. ಕೇಳಲು ಹೋದರೆ ತೇವಕ್ಕೆ ಗ್ಯಾರಂಟಿ ಇಲ್ಲ ಅಂದರು. ಆಮೇಲೆ ಬಂದ ಆಚಾರಿ ಒಂದು ಚೂರು ಮುರಿದು ತೋರಿಸಿದರು: "ಅಕ್ಕ, ಇದು ಮರ ಅಲ್ಲ, ಮರದ ಹುಡಿ. ಗಮ್ ಹಾಕಿ ಒತ್ತಿದ್ದು. ಮುಂದೆ ಲ್ಯಾಮಿನೇಟ್ ಇದೆ, ಹಿಂದೆ ಏನೂ ಇಲ್ಲ." ಮಂಗಳೂರಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಜುಲೈ ಒಂದರಲ್ಲೇ 1,000 ದಾಟುವುದು ಮಾಮೂಲಿ. ಸಮುದ್ರದ ಕಡೆಯಿಂದ ಆ ಮಳೆ ಹೊಡೆಯುವ ಗೋಡೆಗೆ ಪಾರ್ಟಿಕಲ್ ಬೋರ್ಡ್ ತಾಗಿಸಿ ಇಟ್ಟರೆ ಉಳಿಯುವುದಿಲ್ಲ. ಹೊಸತು ಮಾಡಿಸುವವರು ಪ್ಲೈವುಡ್ಡಿನ ಮೇಲೆ ಐಎಸ್ 710 (ನೀರು ತಡೆಯುವ ಮೆರೈನ್ ಪ್ಲೈವುಡ್ಡಿನ ಗುರುತು) ಅಂತ ಮುದ್ರೆ ಇದೆಯಾ ಅಂತ ನೀವೇ ಕಣ್ಣಾರೆ ನೋಡಿ.

ಇಷ್ಟೂ ಹಣದ ಮಾತು. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ.

ಬೂಷ್ಟು ಬಾರದಿರಲಿ ಅಂತ ಅತ್ತೆ ಪ್ರೀತಿಯಿಂದ ಮಗುವಿನ ಡಬ್ಬಗಳಿಗೆಲ್ಲ ನುಸಿಗುಳಿಗೆ ಹಾಕಿದ್ದರು. ಆ ಡಬ್ಬದ ಬಟ್ಟೆಗಳಿಗೆ ಚುಕ್ಕೆ ಕಡಿಮೆ ಇತ್ತು, ಒಮ್ಮೆ ಒಗೆದು ಮಗುವಿಗೆ ಹಾಕೋಣ ಅಂದುಕೊಂಡಿದ್ದೆ. ತಪಾಸಣೆಗೆ ಹೋದಾಗ ಸುಮ್ನೆ ಡಾಕ್ಟರ ಹತ್ತಿರ ಕೇಳಿದೆ. ಅವರು ಪೆನ್ನು ಕೆಳಗಿಟ್ಟು, "ಬೇಡವೇ ಬೇಡ" ಅಂದರು. ಗುಳಿಗೆಯ ನ್ಯಾಫ್ತಲೀನ್ ಬಟ್ಟೆಯಲ್ಲಿ ಉಳಿದು ಎಳೆ ಮಗುವಿನ ಉಸಿರಿನಿಂದ, ಚರ್ಮದಿಂದ ಒಳಗೆ ಹೋಗುತ್ತದೆ. ಎಣ್ಣೆ ಹಚ್ಚಿದ ಮೈಗೆ ಇನ್ನೂ ಬೇಗ ಇಳಿಯುತ್ತದೆ. ನಮ್ಮಲ್ಲಿ ದಿನಾ ಎಣ್ಣೆ ಹಚ್ಚಿಯೇ ಮಗುವನ್ನು ಮೀಯಿಸುವುದು. ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ಮಗುವಾದರೆ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಜೋರಾಗಬಹುದು, ಅದು ಮಿದುಳಿಗೆ ಏರುವ ಅಪಾಯವೂ ಇದೆ. ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ನೋಡಿದರೆ ತಿಳಿಯುವುದಿಲ್ಲ. ಮನೆಗೆ ಬಂದು ಹೇಳಿದಾಗ ಅತ್ತೆ ಮಾತೇ ಆಡಲಿಲ್ಲ. ಎದ್ದು ಹೋಗಿ ಗುಳಿಗೆ ಒಂದೊಂದಾಗಿ ಹೆಕ್ಕಿದರು. ಅವರ ತಪ್ಪಲ್ಲ, ತಲೆತಲಾಂತರದಿಂದ ಎಲ್ಲರೂ ಹಾಕುತ್ತಾ ಬಂದದ್ದೇ. ಆದರೆ ಮಗು ಇರುವ ಮನೆಯವರು ದಯವಿಟ್ಟು ನಿಲ್ಲಿಸಿ. ದೊಡ್ಡ ಮಕ್ಕಳು ಪೆಪ್ಪರ್‌ಮಿಂಟ್ ಅಂತ ಬಾಯಿಗೆ ಹಾಕಿಕೊಳ್ಳುವ ಭಯ ಬೇರೆ. ಅಷ್ಟಕ್ಕೂ ಅದು ತೇವ ಹೀರುವುದಿಲ್ಲ.

ಬೂಷ್ಟಿನ ಬಟ್ಟೆಗಳನ್ನು ಗಂಡ ಮಾಸ್ಕ್ ಹಾಕಿಕೊಂಡು ಟೆರೇಸಿನಲ್ಲಿ ಕೊಡವಿದರು. ಬಸುರಿಯರು, ದಮ್ಮು ಇರುವವರು ಈ ಕೆಲಸಕ್ಕೆ ಹೋಗಬೇಡಿ, ಒಳಗೆ ಕೊಡವಲೂ ಬೇಡಿ. ಮಗುವಿಗೆ ಹೊಸ ಜಬಲಾ ಆರು ತಂದೆವು, ಸಾಕಾಯಿತು. ಅಷ್ಟು ಕಷ್ಟಪಟ್ಟು ತುಂಬಿಸಿಟ್ಟದ್ದರಲ್ಲಿ ಅರ್ಧ ಬಟ್ಟೆ ಬೇಕೇ ಇರಲಿಲ್ಲ ಅಂತ ಆಗ ಗೊತ್ತಾಯಿತು.

ಈ ವರ್ಷ ಫೆಬ್ರವರಿಯಲ್ಲೇ ಎಲ್ಲವನ್ನೂ ಹೊರಗೆ ಹಾಕಿದೆವು. ಎರಡು ದಿನ ಗಟ್ಟಿ ಬಿಸಿಲು, ಆಮೇಲೆ ರಾತ್ರಿಯಿಡೀ ಕೋಣೆಯಲ್ಲಿ ಆರಲು ಬಿಟ್ಟು, ಆಮೇಲೆಯೇ ಮಡಚಿದ್ದು. ಮಗಳಿಗೆ ಗಿಡ್ಡವಾದ ಬಟ್ಟೆಗಳನ್ನು ಬೂಷ್ಟು ಬರುವ ಮುಂಚೆ ಬೇಕಾದವರಿಗೆ ಕೊಟ್ಟೆವು. ಗಂಜಿ ಸೀರೆಗಳನ್ನು ಗಂಜಿ ತೆಗೆದು ಒಗೆದೇ ಒಳಗಿಟ್ಟದ್ದು. ರೇಷ್ಮೆ ಸೀರೆಗಳು ಈಗ ಹಳೆ ಬಿಳಿ ಪಂಚೆಯಲ್ಲಿವೆ, ಪ್ಲಾಸ್ಟಿಕ್ ಕವರ್ ಇಲ್ಲ. ತೇವ ಹೀರುವ ಡಬ್ಬಿ ಮೇಲಿನ ಅಂಕಣದಲ್ಲಿ ಇದೆ, ಮಕ್ಕಳ ಕೈಗೆ ಎಟುಕದ ಹಾಗೆ. ಹೊಸ ಕಪಾಟು ಒಳಗಿನ ಗೋಡೆಯ ಬದಿಗೆ, ನಾಲ್ಕು ಬೆರಳು ಜಾಗ ಬಿಟ್ಟು ನಿಂತಿದೆ. ಮಳೆ ಬಿಟ್ಟು ಬಿಸಿಲು ಇಣುಕಿದರೆ ಸಾಕು, ಅತ್ತೆ ಹೋಗಿ ಬಾಗಿಲು ಎರಡೂ ತೆರೆದು ಫ್ಯಾನ್ ಹಾಕುತ್ತಾರೆ.