ಅಂಬಾಸಿಡರ್ 1489 ಸಿಸಿ: ಎಂಜಿನ್ ಬದಲಿಸದೆ ಬಿಚ್ಚಿ ಕಟ್ಟಿಸಿ ನಾಲ್ಕು ವರ್ಷ

ಮೊದಲೇ ಹೇಳಿಬಿಡುತ್ತೇನೆ, ಆಯಿಲ್ ಸೋರುವುದು ಪೂರ್ತಿ ನಿಂತಿಲ್ಲ. ನನ್ನದು 1990ರ ಪೆಟ್ರೋಲ್ ಅಂಬಾಸಿಡರ್. ಎಂಜಿನ್ ಬಿಚ್ಚಿ ಕಟ್ಟಿಸಿದ ಮೇಲೆ 14 ಸಾವಿರ ಕಿಲೋಮೀಟರ್ ಓಡಿದೆ. ರಾತ್ರಿ ಕಾರು ನಿಲ್ಲಿಸಿ ಅದರ ಅಡಿಗೆ ಒಂದು ಅಡಿಕೆ ಹಾಳೆ ತಳ್ಳದೆ ಈಗಲೂ ನಾನು ಒಳಗೆ ಹೋಗುವುದಿಲ್ಲ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಕಾರು ನಿಲ್ಲುವುದು ಅಂಗಳದ ಮೂಲೆಯಲ್ಲಿ, ಅಡಿಕೆ ಒಣಗುವುದೂ ಅದೇ ಅಂಗಳದಲ್ಲಿ. ಆಯಿಲ್ ತಾಗಿದ ಅಡಿಕೆ ಯಾರು ತಗೊಳ್ತಾರೆ? ಅಮ್ಮ ಬೇಜಾರು ಮಾಡಿಕೊಂಡಿದ್ದು ಸುಮ್ನೆ ಅಲ್ಲ. ಹಾಗೆ ಹಾಳೆ ಇಡಲು ಶುರುವಾಯಿತು. ಒಣಗಿದ ಹಾಳೆಯ ಒಳಮೈ ತೆಳು ಹಳದಿ, ನುಣುಪು. ಬಿದ್ದ ಹನಿ ಬೇಗ ಇಂಗುವುದಿಲ್ಲ, ಅಂಚು ಮಡಚಿಕೊಂಡಿರುವುದರಿಂದ ಹೊರಗೂ ಹರಿಯುವುದಿಲ್ಲ. ಬೆಳಿಗ್ಗೆ ಕಾಫಿ ಕುಡಿದು, ಕೊಕ್ಕೆಯಲ್ಲಿ ಅದನ್ನು ಎಳೆದು ಹನಿ ಎಣಿಸುತ್ತೇನೆ. ಬೆರಳಿಗೆ ಹಚ್ಚಿ ಮೂಸುತ್ತೇನೆ. ಪೆಟ್ರೋಲ್ ವಾಸನೆ ಬರಬಾರದು. ಹಾಲು ಬೆರೆಸಿದ ಹಾಗೆ ಕಂಡರೆ ನೀರು ಸೇರಿದೆ ಅಂತ ಅರ್ಥ. ಎಂಜಿನ್ ಬಿಚ್ಚಿಸುವ ಮೊದಲು ಅಂಗೈ ಅಗಲದ ಕಪ್ಪು ಮಡು ನಿಲ್ಲುತ್ತಿತ್ತು. ಇವತ್ತು ಏಳು ಹನಿ.

ಆಗ ಪೆರ್ಲದ ಕಡೆ ಏರು ಬಂದರೆ ಎರಡನೇ ಗೇರಿಗೆ ಇಳಿಸಬೇಕಿತ್ತು, ಹಿಂದೆ ನೀಲಿ ಹೊಗೆ. ಒಂದು ವರ್ಕ್‌ಶಾಪಿನಲ್ಲಿ "ಹೆಡ್ ಮಾತ್ರ ಮಾಡಿದರೆ ಸಾಕು" ಅಂದರು. ಹೆಡ್ ಅಂದರೆ ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗ. ವಾಲ್ವ್ ಗ್ರೈಂಡ್ ಮಾಡಿಸಿ, ಗ್ಯಾಸ್ಕೆಟ್ ಹಾಕಿಸಿ 18 ಸಾವಿರ ಕೊಟ್ಟೆ. ಎರಡು ತಿಂಗಳಲ್ಲಿ ಸೋರುವುದು ಇನ್ನೂ ಜಾಸ್ತಿ ಆಯಿತು. ಆ ಕೋಪ ನನಗೆ ಇನ್ನೂ ಪೂರ್ತಿ ಇಳಿದಿಲ್ಲ. ಯಾಕೆಂದರೆ ಇದು ಗೊತ್ತಿರಬೇಕಾದ ವಿಷಯ. ಈ ಎಂಜಿನ್ನಿನ ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ದಂಡದ) ಹಿಂಬದಿಯಲ್ಲಿ ಈಗಿನ ಕಾರುಗಳ ಹಾಗೆ ರಬ್ಬರ್ ಸೀಲ್ ಇಲ್ಲ. ಸ್ಕ್ರೂವಿನ ಸುರುಳಿಯ ಹಾಗೆ ಒಂದು ಗೀರು ಇದೆ, ಕ್ರ್ಯಾಂಕ್ ತಿರುಗುವಾಗ ಅದು ಆಯಿಲನ್ನು ಒಳಕ್ಕೆ ಎಳೆಯುತ್ತದೆ. ಪಿಸ್ಟನ್ ಸುತ್ತಲಿನ ರಿಂಗ್ ಸವೆದು ಹೊಗೆ ಕೆಳಕ್ಕೆ ನುಗ್ಗಿದರೆ ಒಳಗೆ ಪ್ರೆಶರ್ ಏರಿ ಆಯಿಲನ್ನು ಹೊರಕ್ಕೆ ದೂಡುತ್ತದೆ. ಮೇಲೆ ವಾಲ್ವ್ ಬಿಗಿ ಮಾಡಿ ಕೆಳಗೆ ಸವೆದ ರಿಂಗ್ ಬಿಟ್ಟರೆ ಏನಾಗುತ್ತದೆ? ಆ ಹೊಡೆತವೆಲ್ಲ ರಿಂಗಿನ ಮೇಲೆ.

ಎಂಜಿನ್ನೇ ಬದಲಿಸುವ ಮಾತು ಬಂದದ್ದು ಆಗ. ಅಂಬಾಸಿಡರ್ ತಯಾರಿಸಿದ ಹಿಂದುಸ್ತಾನ್ ಮೋಟಾರ್ಸ್‌ನವರೇ 90ರ ದಶಕದಲ್ಲಿ ಇದೇ ಕಾರಿಗೆ ಜಪಾನಿನ ಇಸುಜು 1.8 ಲೀಟರ್ ಎಂಜಿನ್ ಕೂರಿಸಿದ್ದರು, ಐದು ಗೇರಿನ ಬಾಕ್ಸ್ ಸಮೇತ. ಒಳ್ಳೆಯ ಎಂಜಿನ್. ಅಂಥ ಹಳೆಯ ಎಂಜಿನ್ ಒಂದು, ಗೇರ್‌ಬಾಕ್ಸ್ ಸೇರಿ, 90 ಸಾವಿರಕ್ಕೆ ಸಿಗುತ್ತಿತ್ತು. ಆದರೆ ಅದರ ಒಳಗೆ ಏನಿದೆ ಅಂತ ಬಿಚ್ಚದೆ ಹೇಳುವವರು ಯಾರು? ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟ್ ಕೆಲಸ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲೂ ಬದಲಾವಣೆ ಮಾಡಿಸಬೇಕು. ಐದು ವರ್ಷಕ್ಕೊಮ್ಮೆ ರಿನ್ಯೂವಲ್‌ಗೆ ಹೋಗುವ ಗಾಡಿಯಲ್ಲಿ ಎಂಜಿನ್ ನಂಬರ್ ತಾಳೆಯಾಗದಿದ್ದರೆ ಕಷ್ಟ.

ದಾರಿ ತೋರಿಸಿದ್ದು ಕುಂಬಳೆ ಕಡೆಯ ಒಬ್ಬರು ಹಳೆ ಮೆಕ್ಯಾನಿಕ್. ಎಲ್ಲರಿಗೂ ಅವರು ಇಚ್ಚ (ಅಣ್ಣ), ನನಗೂ. ಪ್ಲಗ್ ತೆಗೆದು, ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಗೇಜ್ ಒತ್ತಿ ಹಿಡಿದರು. ನಾಲ್ಕರಲ್ಲಿ ಮೂರು ಸಿಲಿಂಡರ್ 110 ಪಿಎಸ್‌ಐ ಆಸುಪಾಸು, ಮೂರನೇ ನಂಬರಿನದು ಮಾತ್ರ 75. ಅದರ ಪ್ಲಗ್ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೆ 105. ಆಯಿಲ್ ಬಿಟ್ಟಾಗ ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಐದು ನಿಮಿಷದ ಕೆಲಸ. ಇದನ್ನು ಮೊದಲೇ ಮಾಡಿದ್ದರೆ ನನ್ನ 18 ಸಾವಿರ ಉಳಿಯುತ್ತಿತ್ತು ಅಲ್ವಾ? ಎಂಜಿನ್ ಇಳಿಸಿ ಅಳತೆ ತೆಗೆದ ಮೇಲೆ ಇಚ್ಚ ಹೇಳಿದರು: "ಭಟ್ರೇ, ಬೋರಿಗೆ ಇನ್ನೂ ಒಂದು ಸೈಜ್ ಬಾಕಿ ಉಂಟು. ಬ್ಲಾಕ್ ಗಟ್ಟಿ ಉಂಟು. ಇದನ್ನು ಯಾಕೆ ಗುಜರಿಗೆ ಹಾಕುದು?" ಅಂದರೆ ಸಿಲಿಂಡರಿನ ಒಳಗೋಡೆಯನ್ನು ಇನ್ನೊಮ್ಮೆ ಕೊರೆದು ದೊಡ್ಡದು ಮಾಡಬಹುದು.

ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಮಂಗಳೂರಿನ ಲೇತಿನಲ್ಲಿ ಆಯಿತು. ಪಿಸ್ಟನ್, ರಿಂಗ್, ಬೇರಿಂಗ್ ಹೊಸದು. ಎಕ್ಸಾಸ್ಟ್ ವಾಲ್ವ್ ಬಂದು ಕೂರುವ ಕಡೆ ಗಟ್ಟಿ ಸೀಟ್ ಹಾಕಿಸಿದೆ. 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು, ಸೀಸ ಇಲ್ಲದ ಪೆಟ್ರೋಲಿಗೆ ಹಳೆ ಬೀಡುಕಬ್ಬಿಣದ ಹೆಡ್ಡಿನಲ್ಲಿ ಸೀಟ್ ಸವೆಯುತ್ತದೆ. ಈಗ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಬರುವುದರಿಂದ ಹೋದ ವರ್ಷ ಹಳೆ ರಬ್ಬರ್ ಪೈಪುಗಳನ್ನೂ ತೆಗೆಸಿದೆ. ಎಂಜಿನ್ ಕೆಲಸಕ್ಕೆ ಒಟ್ಟು 72 ಸಾವಿರ, ಐದು ವಾರ.

ಮುಗಿದ ಮೊದಲ ರಾತ್ರಿ ಹಾಳೆ ಇಡಲಿಲ್ಲ. ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ಮತ್ತೆ ಹನಿ! ಇಷ್ಟು ದುಡ್ಡು ಸುರಿದು ಮತ್ತೆ ಇದೇನಾ ಅಂತ ನಿಜಕ್ಕೂ ಕಣ್ಣು ತುಂಬಿತು. ಇಚ್ಚ ಗಾಡಿಯ ಅಡಿಗೆ ಮಲಗಿ ನೋಡಿ ಎದ್ದು, "ತಿರುಗುವಾಗ ಎಳೀತದೆ, ನಿಂತಾಗ ಸ್ವಲ್ಪ ಬಿಡ್ತದೆ. ಹುಟ್ಟುಗುಣ" ಅಂದರು. ಮೊದಲ ಸಾವಿರ ಕಿಲೋಮೀಟರ್ ಐವತ್ತರ ಮೇಲೆ ಓಡಿಸಲಿಲ್ಲ. ಮಧ್ಯೆ ಒಮ್ಮೆ ಆಯಿಲ್ ಬದಲಿಸಿ ಹೆಡ್ ಬೋಲ್ಟ್ ಮತ್ತೆ ಬಿಗಿ ಮಾಡಿಸಿದೆ. ರಿಂಗ್ ಕೂತ ಮೇಲೆ ಹನಿ ಇಳಿಯುತ್ತಾ ಬಂತು. ಕ್ಲಚ್ ಪ್ಲೇಟಿಗೆ ಆಯಿಲ್ ತಾಗಿ ಜಾರುತ್ತಿದ್ದುದೂ ನಿಂತಿತು.

ಈಗ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಎರಡನೇ ಸುತ್ತಿಗೇ ಹಿಡಿಯುತ್ತದೆ. ಆ ಸದ್ದಿಗೆ ತೋಟದಲ್ಲಿರುವವರಿಗೂ ಯಾರು ಹೊರಟರು ಅಂತ ಗೊತ್ತಾಗುತ್ತದೆ. ಪೆರ್ಲದ ಏರನ್ನು ಮೂರನೇ ಗೇರಿನಲ್ಲೇ ಹತ್ತುತ್ತೇನೆ.

ನನ್ನ ಓಡಾಟ ತಿಂಗಳಿಗೆ 300 ಕಿಲೋಮೀಟರ್. ದಿನಾ ಹೈವೇಯಲ್ಲಿ ಮಂಗಳೂರಿಗೆ ಹೋಗಿ ಬರುವವರಾದರೆ ಇಸುಜು ನೋಡಿ, ಐದನೇ ಗೇರ್ ಬೇಕಾಗುತ್ತದೆ. ಬ್ಲಾಕ್ ಬಿರುಕು ಬಿಟ್ಟಿದ್ದರೂ ಬದಲಿಸುವುದೇ ಸರಿ. ಉಳಿದವರು ಮೊದಲು ಆ ಒಂದು ಚಮಚ ಆಯಿಲಿನ ಪರೀಕ್ಷೆ ಮಾಡಿಸಿ. ಹಾಳೆಯನ್ನು ನಾನೀಗ ವಾರಕ್ಕೊಮ್ಮೆ ಬದಲಿಸಿದರೆ ಸಾಕಾಗುತ್ತದೆ.